ಶೇಕಡಾ ಗುರುತಿನ ಹಿಂದಿನ ಶ್ರೀ

ನಮ್ಮ ಅಂಗಡಿಯಲ್ಲಿ ಶ್ರೀ ಹಾಕದೆ ಯಾವ ಕೆಲಸವೂ ಶುರುವಾಗುವುದಿಲ್ಲ. ಕೇಣಿಚಿರದ ಜಂಕ್ಷನ್ನಿನಲ್ಲಿ, ಬತ್ತೇರಿ ಬಸ್ಸು ನಿಲ್ಲುವ ಕಡೆ, ಕಾಳುಮೆಣಸಿನ ಗೋದಾಮಿಗೂ ಬೇಕರಿಗೂ ನಡುವೆ ಒತ್ತರಿಸಿಕೊಂಡಿರುವ ಡಿ.ಟಿ.ಪಿ. ಅಂಗಡಿ ನಮ್ಮದು. ಬೋರ್ಡು ಮಲಯಾಳದಲ್ಲಿದೆ, ಅದರ ಕೆಳಗೆ ಸಣ್ಣದಾಗಿ ಕನ್ನಡ. ನಾನು ಕಂಪ್ಯೂಟರ್ ಮುಂದೆ ಕೂರುತ್ತೇನೆ, ನನ್ನ ಯಜಮಾನರು ಕಟಿಂಗು, ಬೈಂಡಿಂಗು, ಜೆರಾಕ್ಸು ನೋಡಿಕೊಳ್ಳುತ್ತಾರೆ. ಮದುವೆ ಕಾರ್ಡು, ಪಳ್ಳಿಯ, ಅಂದರೆ ಇಲ್ಲಿನ ಚರ್ಚಿನ, ಹಬ್ಬದ ನೋಟೀಸು, ಪಂಚಾಯತ್ತಿನ ಅರ್ಜಿ, ಶಾಲೆಯ ಪ್ರಶ್ನೆಪತ್ರಿಕೆ, ಹೀಗೆ ಬಂದದ್ದೆಲ್ಲ ಮಾಡುತ್ತೇವೆ.

ಶ್ರೀ ಹಾಕುವ ಪದ್ಧತಿ ನಮ್ಮ ಮಾವನವರದು. ಗುಂಡ್ಲುಪೇಟೆ ಕಡೆಯಿಂದ ಗಡಿ ದಾಟಿ ಬಂದು ಇಲ್ಲಿ ಅಚ್ಚಿನ ಮನೆ ಇಟ್ಟವರು ಅವರು. ಮೊಳೆ ಜೋಡಿಸಿ ಅಚ್ಚು ಹಾಕುತ್ತಿದ್ದ ಕಾಲ. ಯಾವ ಭಾಷೆಯ, ಯಾವ ಮತದವರ ಕೆಲಸವಾಗಲಿ, ಮೊಳೆ ಜೋಡಿಸುವ ಕಡ್ಡಿ ಕೈಗೆ ತೆಗೆದುಕೊಂಡರೆ ಮೊದಲು ಒಂದು ಶ್ರೀ ಮೊಳೆ ಇಟ್ಟು ಆಮೇಲೆ ಮಿಕ್ಕ ಅಕ್ಷರ. ಪಳ್ಳಿಯವರದೋ ಮಸೀದಿಯವರದೋ ನೋಟೀಸಾದರೆ, ಶಾಯಿ ಬಳಿಯುವ ಮುಂಚೆ ಆ ಮೊಳೆಯನ್ನು ಎತ್ತಿ ಅಂಗಿಯ ಜೇಬಿಗೆ ಹಾಕಿಕೊಳ್ಳುತ್ತಿದ್ದರಂತೆ. ಅಚ್ಚು ಮುಗಿದ ಮೇಲೆ ಅದು ಮತ್ತೆ ತನ್ನ ಮನೆಗೆ. ಯಂತ್ರ ಗುಜರಿಗೆ ಹೋಯಿತು, ಮೊಳೆಗಳನ್ನು ಕರಗಿಸಲು ಕೊಟ್ಟದ್ದಾಯಿತು. ಆ ಒಂದು ಶ್ರೀ ಮಾತ್ರ ಇನ್ನೂ ನಮ್ಮ ಯಜಮಾನರ ಮೇಜಿನ ಡ್ರಾಯರಿನಲ್ಲಿದೆ.

ಕಂಪ್ಯೂಟರ್ ಬಂದ ಮೇಲೂ ಇವರು ಬಿಡಲಿಲ್ಲ. ಹೊಸ ಫೈಲ್ ತೆರೆದರೆ ಮೊದಲ ಸಾಲಿನಲ್ಲಿ ಶ್ರೀ. ಟೈಪಿಂಗ್ ಬಾರದ ಮನುಷ್ಯ, ಈ ಒಂದಕ್ಷರ ಮಾತ್ರ ಕಣ್ಣು ಮುಚ್ಚಿ ಹೊಡೆಯುತ್ತಾರೆ. ಆಮೇಲೆ ಆ ಅಕ್ಷರವನ್ನು ತೋರುಬೆರಳಿನಲ್ಲಿ ಮುಟ್ಟಿ, ಬೆರಳನ್ನು ಕಣ್ಣಿಗೆ ಒತ್ತಿಕೊಳ್ಳುತ್ತಾರೆ. ಸ್ಕ್ರೀನಿನ ಮೇಲ್ತುದಿಯಲ್ಲಿ ಆ ಬೆರಳಿನ ಜಿಡ್ಡು ಒರೆಸಿ ಒರೆಸಿ ನನಗೆ ಸಾಕಾಗಿದೆ. ಪ್ರಿಂಟಿಗೆ ಹೋಗುವಾಗ ನಾನು ಅದನ್ನು ಅಳಿಸುತ್ತೇನೆ. ಒಮ್ಮೆ ಮರೆತು ಪಳ್ಳಿಯ ನೋಟೀಸಿನ ತಲೆಯ ಮೇಲೆ ಹಾಗೇ ಉಳಿದುಬಿಟ್ಟಿತ್ತು. ಪಾದ್ರಿಗಳು ನಕ್ಕು, ಇರಲಿ ಬಿಡಿ ಎಂದರು. ನಾನು ಮಾತ್ರ ಒಂದು ವಾರ ಇವರಿಗೆ ಮಂಗಳಾರತಿ ಎತ್ತಿದೆ. ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ, ಇವರಿಗೆ ಕೋಪ ಎಂದರೇನೆಂದೇ ಗೊತ್ತಿಲ್ಲ. ಇಬ್ಬರಲ್ಲೂ ಒಂದೇ ಗುಣ ಇದ್ದಿದ್ದರೆ ಅಂಗಡಿ ಎಂದೋ ಮುಚ್ಚುತ್ತಿತ್ತು.

ಆ ಹುಡುಗಿ ಬಂದದ್ದು ಕಾಫಿ ಹೂ ಬಿಟ್ಟ ಸಮಯದಲ್ಲಿ. ರಸ್ತೆಯುದ್ದಕ್ಕೂ ಆ ವಾಸನೆ ತುಂಬಿ ನನಗೆ ತಲೆನೋವು ಹಿಡಿದಿತ್ತು, ಅದಕ್ಕೇ ನೆನಪಿದೆ. ಒಂದು ಪೆನ್‌ಡ್ರೈವನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಒಳಗೆ ಬಂದು, ಬಹಳ ಮೆಲ್ಲಗೆ ಮಲಯಾಳದಲ್ಲಿ ಕೇಳಿದಳು.

"ಚೇಚಿ, ಅಡಿಯಲ್ಲಿ ಚುಕ್ಕೆ ಇರುವ ಇಂಗ್ಲಿಷ್ ಅಕ್ಷರ ಇಲ್ಲಿ ಆಗುತ್ತದಾ?"

ಬತ್ತೇರಿಯ ದೊಡ್ಡ ಅಂಗಡಿಗಳಿಗೆಲ್ಲ ಹೋಗಿ ಬಂದಿದ್ದಳಂತೆ. ಎಲ್ಲರೂ ಆಗುವುದಿಲ್ಲ ಎಂದಿದ್ದರು. ದೊಡ್ಡ ಅಂಗಡಿಯವರು ಆಗುವುದಿಲ್ಲ ಎಂದರು ಎಂದು ಕೇಳಿದ ಮೇಲೆ ನಾನು ಆಗುತ್ತದೆ ಎನ್ನದೆ ಇರುವುದು ಹೇಗೆ? ಏನು ಕೆಲಸ ಎಂದು ನೋಡುವ ಮುಂಚೆಯೇ ಒಪ್ಪಿಕೊಂಡೆ. ಆಚೆ ಬೈಂಡಿಂಗ್ ಮೇಜಿನಿಂದ ಇವರು ತಲೆ ಎತ್ತಿ ನೋಡಿ, ಮತ್ತೆ ಗೋಂದು ಸವರತೊಡಗಿದರು.

ಅವಳ ಕಥೆ ಇಷ್ಟು. ಊರು ನೂಲ್ಪುಳದ ಆಚೆ, ಕಾಡಿನೊಳಗಿನ ಆದಿವಾಸಿ ಹಾಡಿ. ಆ ಹಾಡಿಯಿಂದ ಡಾಕ್ಟರೇಟಿಗೆ ಓದಲು ಹೋದವರು ಅವಳಿಗಿಂತ ಮುಂಚೆ ಯಾರೂ ಇಲ್ಲ. ಓದುತ್ತಿರುವುದು ಭಾಷೆಯ ಮೇಲೆ, ಅದೂ ತಮ್ಮ ಮನೆಯಲ್ಲೇ ಆಡುವ ಭಾಷೆಯ ಮೇಲೆ. ಜಿಲ್ಲೆಯ ಒಂದು ಕಾಲೇಜಿನಲ್ಲಿ ಸಣ್ಣ ಭಾಷೆಗಳ ಬಗ್ಗೆ ಸಮ್ಮೇಳನ. ಅದಕ್ಕೆ ಅವಳು ಕಳಿಸಿದ್ದ ಪ್ರಬಂಧದ ವಿಷಯವೇನೋ ಸಮಿತಿಗೆ ಒಪ್ಪಿಗೆಯಾಗಿತ್ತು. ಆದರೆ ಸಮಿತಿಯವರು ತಾವೇ ಮಾಡಿಸಿದ ಒಂದು ಟೆಂಪ್ಲೇಟ್ ಕಳಿಸಿ, ಅದರ ಪ್ರಕಾರವೇ ಪುಟ ಕಟ್ಟಿ ಕಳಿಸಬೇಕು, ಇಲ್ಲದಿದ್ದರೆ ಪುಸ್ತಕಕ್ಕೆ ಸೇರಿಸುವುದಿಲ್ಲ ಎಂದಿದ್ದರು. ಅವಳ ಲ್ಯಾಪ್‌ಟಾಪ್ ಕೆಟ್ಟು ಕೂತಿತ್ತು. ಬೇರೆಯವರ ಕೈಲಿ ಮಾಡಿಸಿ ಕಳಿಸಿದ್ದನ್ನು ಸಮಿತಿಯವರು ಸರಿಯಿಲ್ಲ ಎಂದು ವಾಪಸ್ಸು ಮಾಡಿದ್ದರು.

"ಆಗದಿದ್ದರೆ ಮುಂದಿನ ವರ್ಷದ ಸಮ್ಮೇಳನಕ್ಕೆ ಕಳಿಸಬಹುದಲ್ಲ?" ಎಂದೆ.

ಅವಳು ತಲೆಯಾಡಿಸಿದಳು. ಒಂದು ಪ್ರಬಂಧವಾದರೂ ಅಚ್ಚಿಗೆ ಒಪ್ಪಿಗೆಯಾಗದೆ ಅವಳ ಯೂನಿವರ್ಸಿಟಿಯಲ್ಲಿ ಥೀಸಿಸ್ ತೆಗೆದುಕೊಳ್ಳುವುದಿಲ್ಲ. ಥೀಸಿಸ್ ಕೊಡಲು ಇದ್ದ ಗಡುವನ್ನು ಆಗಲೇ ಮುಂದೂಡಿಸಿಕೊಂಡಾಗಿತ್ತು, ಇನ್ನು ಮುಂದೂಡುವಂತಿಲ್ಲ. ಆ ಶುಕ್ರವಾರ ಸಂಜೆ ಐದಕ್ಕೆ ಸಮ್ಮೇಳನದ ವೆಬ್‌ಸೈಟಿನ ಬಾಗಿಲು ಮುಚ್ಚಿದರೆ ಅವಳ ಇಷ್ಟು ವರ್ಷದ ಓದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದ ಹಾಗೆ. ಇಷ್ಟನ್ನೂ ಅವಳು ಬಸ್ಸಿನ ಟೈಮು ಹೇಳುವ ದನಿಯಲ್ಲಿ ಹೇಳಿದಳು. ನಾನು ಪೆನ್‌ಡ್ರೈವ್ ಇಸಿದುಕೊಂಡು ಕಂಪ್ಯೂಟರಿಗೆ ಚುಚ್ಚಿದೆ.

ಆ ಟೆಂಪ್ಲೇಟನ್ನು ತೆರೆದು ನೋಡಿದಾಗ, ಸುಳ್ಳೇಕೆ ಹೇಳಲಿ, ಒಪ್ಪಿಕೊಂಡ ನನ್ನ ಬಾಯಿಗೆ ಬರೆ ಹಾಕಬೇಕು ಅನ್ನಿಸಿತು. ನಾವು ದಿನಾ ಮಾಡುವ ಕೆಲಸದಲ್ಲಿ ಸ್ಕ್ರೀನಿನ ಮೇಲೆ ಕಂಡದ್ದೇ ಕಾಗದಕ್ಕೆ ಬರುತ್ತದೆ. ಇದರಲ್ಲಿ ಹಾಗಲ್ಲ. ಬರೀ ಸಪ್ಪೆ ಅಕ್ಷರದಲ್ಲಿ ಆಜ್ಞೆಗಳನ್ನು ಬರೆಯಬೇಕು: ಇದು ಶೀರ್ಷಿಕೆ, ಇದು ಉದಾಹರಣೆ, ಇದು ಅಡಿಟಿಪ್ಪಣಿ ಎಂದು. ಎಲ್ಲ ಬರೆದು ಒಂದು ಗುಂಡಿ ಒತ್ತಿದರೆ ಯಂತ್ರ ಫೈಲನ್ನು ಮೇಲಿನಿಂದ ಕೆಳಗಿನವರೆಗೆ ಓದಿ, ಪುಟ ಕಟ್ಟಿ ಕೊಡುತ್ತದೆ. ಒಂದು ಕಡೆ ಆವರಣ ಮುಚ್ಚದಿದ್ದರೂ ಮುಖ ತಿರುಗಿಸಿಕೊಳ್ಳುತ್ತದೆ. ನಡುನಡುವೆ ಸಮಿತಿಯವರು ನಮಗೆ ಸೂಚನೆಗಳನ್ನೂ ಬರೆದಿಟ್ಟಿದ್ದರು. ಆ ಸಾಲುಗಳ ಮುಂದೆಲ್ಲ ಒಂದೊಂದು ಶೇಕಡಾ ಗುರುತು. ಆ ಗುರುತು ಇದ್ದರೆ ಆ ಸಾಲು ಮನುಷ್ಯರಿಗೆ ಮಾತ್ರ, ಯಂತ್ರ ಅದನ್ನು ಓದದೆ ದಾಟಿಕೊಂಡು ಹೋಗುತ್ತದೆ ಎಂದು ಹುಡುಗಿಯೇ ನನಗೆ ಹೇಳಿಕೊಟ್ಟಳು.

ಸಮಿತಿಯವರು ವಾಪಸ್ಸು ಮಾಡಿದ್ದು ಉದಾಹರಣೆಗಳ ಕಾರಣಕ್ಕೆ. ಪ್ರಬಂಧದ ತುಂಬ ಅವಳ ಅಜ್ಜಿಯ ಮಾತುಗಳು. ಒಂದೊಂದು ಮಾತಿಗೂ ಮೂರು ಸಾಲು. ಮೊದಲ ಸಾಲಿನಲ್ಲಿ ಅಜ್ಜಿ ಆಡಿದ ಹಾಗೇ, ಚುಕ್ಕೆ ಅಕ್ಷರಗಳಲ್ಲಿ. ಎರಡನೆಯದರಲ್ಲಿ ಒಂದೊಂದು ಪದದ ನೇರ ಕೆಳಗೆ ಅದರ ಅರ್ಥ, ತುಂಡು ತುಂಡಾಗಿ. ಮೂರನೆಯದರಲ್ಲಿ ಇಡೀ ಮಾತಿನ ಅರ್ಥ ಇಂಗ್ಲಿಷಿನಲ್ಲಿ. ಪದದ ಕೆಳಗೇ ಅರ್ಥ ಕೂರಬೇಕು, ಒಂದು ಕೂದಲೆಳೆ ಆಚೀಚೆ ಆಗಬಾರದು. ಮೊದಲು ಮಾಡಿದವರು ಸ್ಪೇಸ್ ಒತ್ತಿ ಒತ್ತಿ ಕಣ್ಣಳತೆಯಲ್ಲಿ ಜೋಡಿಸಿದ್ದರು. ನಾನೂ ಶುರು ಮಾಡಿದ್ದು ಹಾಗೆಯೇ. ಮದುವೆ ಕಾರ್ಡಿನಲ್ಲಿ ವಧು ವರರ ಹೆಸರನ್ನು ಕಣ್ಣಳತೆಯಲ್ಲೇ ಕೂರಿಸಿ ಕೂರಿಸಿ ಪಳಗಿದ ಕೈ. ಈ ಯಂತ್ರಕ್ಕೆ ನನ್ನ ಕಣ್ಣಳತೆ ಬೇಕಿರಲಿಲ್ಲ. ನಾನು ಎಷ್ಟು ಸ್ಪೇಸ್ ಕೊಟ್ಟರೂ ಅದು ಒಂದೆಂದೇ ಲೆಕ್ಕ ಹಿಡಿಯುತ್ತಿತ್ತು. ಮೇಲೆ ಎಷ್ಟು ಪದವೋ ಕೆಳಗೂ ಅಷ್ಟೇ ಇಟ್ಟು ಕೈ ಬಿಟ್ಟರೆ ತಾನೇ ಜೋಡಿಸಿಕೊಳ್ಳುತ್ತದೆ ಎಂದು ಗೊತ್ತಾಗುವಷ್ಟರಲ್ಲಿ ನಾನು ಮೌಸನ್ನು ಮೇಜಿಗೆ ಕುಕ್ಕಿದ್ದೆ, ಇವರು ಮಾತಿಲ್ಲದೆ ಒಂದು ಗ್ಲಾಸು ಮಜ್ಜಿಗೆ ತಂದಿಟ್ಟಿದ್ದರು.

ಮೊದಲ ಉದಾಹರಣೆ ಸರಿಯಾಗಿ ಕೂತಾಗ ನನಗೆ ಎಷ್ಟು ಖುಷಿಯಾಯಿತೆಂದರೆ ಅಜ್ಜಿಯ ಸಾಲನ್ನು ಗಟ್ಟಿಯಾಗಿ ಓದಿಬಿಟ್ಟೆ. ಓದುತ್ತಿದ್ದ ಹಾಗೇ ನಾಲಿಗೆ ನಿಂತಿತು. ಚುಕ್ಕೆ ಅಕ್ಷರದ ವೇಷ ಕಳಚಿದರೆ ಅದು ನನಗೆ ಅರ್ಥವಾಗುವ ಮಾತು. ಒಲೆ ಹೊಗೆಯಾಡುತ್ತಿದೆ, ಊದು, ಎಂದು ಯಾರಿಗೋ ಹೇಳುತ್ತಿದ್ದಾಳೆ ಅಜ್ಜಿ. ಎಲ್ಲ ಪದವೂ ನಮ್ಮದೇ ಎಂದಲ್ಲ. ಆದರೆ ದೂರದ ನೆಂಟರ ಮನೆಗೆ ಹೋದಾಗ ಯಾರದೋ ಮುಖದಲ್ಲಿ ನಮ್ಮಮ್ಮನ ಮೂಗು ಕಾಣುತ್ತದಲ್ಲ, ಹಾಗೆ.

ಹುಡುಗಿ ಕಣ್ಣರಳಿಸಿ ನೋಡುತ್ತಿದ್ದಳು. "ಚೇಚಿ ಕನ್ನಡದವರಾ?"

"ಹೊರಗೆ ಬೋರ್ಡು ನೋಡಿಲ್ವಾ?"

"ಬೋರ್ಡು ಕಂಡೆ. ಮಾತು ಕೇಳಿರಲಿಲ್ಲ."

ನಿಜವೇ. ಆ ಹಾಡಿಗಳಿಂದ ಎಷ್ಟೋ ಜನ ಜೆರಾಕ್ಸಿಗೆ, ಅರ್ಜಿ ಬರೆಸಲು ನಮ್ಮಲ್ಲಿಗೆ ಬರುತ್ತಾರೆ. ಅವರೂ ಮಲಯಾಳದಲ್ಲಿ ಕೇಳುತ್ತಾರೆ, ನಾವೂ ಮಲಯಾಳದಲ್ಲಿ ಹೇಳುತ್ತೇವೆ. ಕೌಂಟರಿನ ಎರಡು ಕಡೆಯೂ ಮನೆಗೆ ಹೋದ ಮೇಲೆ ಆಡುವ ಮಾತು ಬೇರೆ ಎಂದು ನಾವು ಯಾರೂ ಯೋಚಿಸಿದ್ದೇ ಇಲ್ಲ. ಅಂದಿನಿಂದ ಅವಳು ಚೇಚಿ ಬಿಟ್ಟು ನನ್ನನ್ನು ಅಕ್ಕಾ ಎನ್ನತೊಡಗಿದಳು. ನಾನು ಕನ್ನಡದಲ್ಲಿ, ಅವಳು ಅವಳ ಮಾತಿಗೆ ನನ್ನ ಕನ್ನಡವನ್ನೂ ಮಲಯಾಳವನ್ನೂ ಬೆರೆಸಿ. ಅರ್ಥವಾಗದ ಕಡೆ ಇಬ್ಬರೂ ನಗುತ್ತಿದ್ದೆವು.

ಸಮಿತಿಯವರು ಇನ್ನೊಂದು ತಿದ್ದುಪಡಿಯನ್ನೂ ಹೇಳಿದ್ದರು. ಪ್ರಬಂಧದ ಮೊಟ್ಟಮೊದಲ ಉದಾಹರಣೆಯನ್ನು ತೆಗೆಯಬೇಕು, ಅದಕ್ಕೂ ವಾದಕ್ಕೂ ಸಂಬಂಧವಿಲ್ಲ ಎಂದು. ಅದೇನು ಎಂದು ಕೇಳಿದೆ. ಅಜ್ಜಿ ಏನೇ ಹೇಳುವ ಮುಂಚೆಯೂ, ಕಥೆಯಾಗಲಿ, ಹಳೆಯ ಸುದ್ದಿಯಾಗಲಿ, ಒಂದು ಮಾತು ಹೇಳಿಯೇ ಶುರು ಮಾಡುತ್ತಾಳಂತೆ. ನಮ್ಮ ಕನ್ನಡಕ್ಕೆ ತಂದರೆ, ಕೇಳೋರೆಲ್ಲ ಕೂತ್ಕೊಳ್ಳಿ, ಅಷ್ಟೇ. ಎದುರಿಗೆ ಒಬ್ಬಳೇ ಮೊಮ್ಮಗಳು ಮೊಬೈಲಿನಲ್ಲಿ ರೆಕಾರ್ಡ್ ಮಾಡಿಕೊಳ್ಳುತ್ತಾ ಕೂತಿದ್ದರೂ ಅಜ್ಜಿ ಅದನ್ನು ಹೇಳದೆ ಬಾಯಿ ತೆರೆಯುವುದಿಲ್ಲ. ಯಾರಿಗೆ ಹೇಳುವುದು ಎಂದು ಕೇಳಿದರೆ, ಕೇಳೋರಿಗೆ, ಎನ್ನುತ್ತಾಳಂತೆ.

ಅಳಿಸಲೆಂದು ಆ ಮೂರು ಸಾಲನ್ನು ಮೌಸಿನಲ್ಲಿ ಹಿಡಿದಾಗ ಹುಡುಗಿ ಅವನ್ನು ಇನ್ನೊಮ್ಮೆ ಓದಿಕೊಂಡಳು.

"ತೆಗೀಲಾ?" ಎಂದೆ.

"ತೆಗೀರಿ ಅಕ್ಕಾ. ತೆಗೀಲೇಬೇಕಲ್ಲ."

"ಹೋಗ್ಲಿ ಬಿಡು, ಒಂದು ಮಾತು ತಾನೇ," ಎಂದು ಅಳಿಸಿದೆ. ಮುಂದಿನ ತಿದ್ದುಪಡಿಗೆ ಹೋದೆವು.

ಶುಕ್ರವಾರ ಮಧ್ಯಾಹ್ನದ ಹೊತ್ತಿಗೆ ಎಲ್ಲ ಮುಗಿದ ಹಾಗೇ ಇತ್ತು. ಗುಂಡಿ ಒತ್ತಿದರೆ ಪುಟಗಳು ಸಲೀಸಾಗಿ ಬರುತ್ತಿದ್ದವು. ಕೊನೆಯ ಪಟ್ಟಿಯಲ್ಲಿ ಎರಡು ಪುಸ್ತಕಗಳ ಹೆಸರು ಹಿಂದುಮುಂದಾಗಿತ್ತು, ಊಟ ಮಾಡಿ ಬಂದು ಅದನ್ನು ಸರಿ ಮಾಡಿ ಕಳಿಸಿಬಿಡೋಣ ಎಂದು ಅವಳನ್ನು ಹಿಂದಿನ ಮನೆಗೆ ಕರೆದುಕೊಂಡು ಹೋದೆ. ಕುಚ್ಚಲಕ್ಕಿ ಅನ್ನ, ಅಲಸಂದೆ ಸಾರು, ಮೀನು ಹುರಿದದ್ದು. ಆ ವಾರವೆಲ್ಲ ಸರಿಯಾಗಿ ಉಂಡಿರಲಿಲ್ಲ ಅವಳು. ಇವರು ಮೊದಲೇ ಉಂಡಿದ್ದರು, ಅಂಗಡಿಯಲ್ಲೇ ಇದ್ದರು.

ನಾವು ವಾಪಸ್ಸು ಬಂದು ಪುಸ್ತಕಗಳ ಹೆಸರು ಸರಿ ಮಾಡಿದೆವು. ಗುಂಡಿ ಒತ್ತಿದೆ. ಪುಟ ಬರಲಿಲ್ಲ.

ಬದಲಿಗೆ ಕೆಂಪು ಅಕ್ಷರದಲ್ಲಿ ಒಂದು ದೂರು ಬಂತು. ಮೊದಲನೇ ಸಾಲಿನಲ್ಲಿ ತಪ್ಪಿದೆ ಎನ್ನುತ್ತಿತ್ತು. ಮೊದಲನೇ ಸಾಲು ಸಮಿತಿಯವರದೇ, ಟೆಂಪ್ಲೇಟಿನ ಹೆಸರು ಹೇಳುವ ಸಾಲು. ಅದನ್ನು ನಾವು ಮುಟ್ಟಿಯೇ ಇರಲಿಲ್ಲ. ಹಾಗಾಗಿ ಯಂತ್ರ ಸುಳ್ಳು ಹೇಳುತ್ತಿದೆ, ತಪ್ಪು ನಾವು ಈಗ ತಿದ್ದಿದ ಕಡೆಯೇ ಇರಬೇಕು ಎಂದು ನಾನು ತೀರ್ಮಾನ ಮಾಡಿದೆ. ತಿದ್ದಿದ್ದನ್ನು ಮೊದಲಿನಂತೆ ಮಾಡಿದೆ. ಬರಲಿಲ್ಲ. ಆ ಪಟ್ಟಿಯನ್ನೇ ಕಿತ್ತು ಬೇರೆ ಕಡೆ ಇಟ್ಟೆ. ಬರಲಿಲ್ಲ. ಉದಾಹರಣೆಗಳನ್ನು ಒಂದೊಂದಾಗಿ ನೋಡಿದೆವು, ಮೇಲಿನ ಪದ ಕೆಳಗಿನ ಪದ ಸರಿಹೊಂದುತ್ತದೋ ಇಲ್ಲವೋ ಎಂದು. ಎಲ್ಲ ಸರಿಯಾಗೇ ಇತ್ತು. ಮತ್ತೆ ಒತ್ತಿದೆ. ಮತ್ತೆ ಮೊದಲನೇ ಸಾಲು.

"ಇನ್ನೊಂದ್ಸಲ ಓದು," ಎಂದೆ. ನನಗೆ ಕಣ್ಣು ಮಂಜಾಗುತ್ತಿತ್ತು. "ಫೈಲಿನ ಶುರುವಿನಿಂದ ಓದು."

ಅವಳು ಓದಿದಳು. ಟೆಂಪ್ಲೇಟಿನ ಹೆಸರಿನಿಂದ ಶುರು ಮಾಡಿ, ಒಂದೊಂದು ಆವರಣವನ್ನೂ ಬಿಡದೆ ಓದಿದಳು. ಎಲ್ಲಿಯೂ ತಪ್ಪಿರಲಿಲ್ಲ. ಗಡಿಯಾರ ನೋಡಬಾರದು ಎಂದುಕೊಂಡರೂ ಕಣ್ಣು ಅಲ್ಲಿಗೇ ಹೋಗುತ್ತಿತ್ತು. ನಾಲ್ಕು ದಾಟಿತ್ತು. ಹೊರಗೆ ನೂಲ್ಪುಳದ ಕಡೆಯ ಬಸ್ಸೊಂದು ಹಾರ್ನ್ ಹೊಡೆದುಕೊಂಡು ಹೋಯಿತು. ಕತ್ತಲಾದರೆ ಆ ರಸ್ತೆಯಲ್ಲಿ ಆನೆ ಇರುತ್ತದೆ, ಹೊತ್ತಿದ್ದಾಗಲೇ ಮನೆ ಸೇರಬೇಕು ಅವಳು. ಅವಳು ಬಸ್ಸಿನ ಕಡೆ ತಿರುಗಿಯೂ ನೋಡಲಿಲ್ಲ. ದುಪಟ್ಟಾದ ತುದಿಯನ್ನು ಬೆರಳಿಗೆ ಸುತ್ತುತ್ತಾ ಬಿಚ್ಚುತ್ತಾ ಕೂತಿದ್ದಳು. ನನ್ನ ಪಿತ್ತ ನೆತ್ತಿಗೇರಿತು. ಸಮಿತಿಯವರನ್ನು ಬೈದೆ, ಟೆಂಪ್ಲೇಟ್ ಮಾಡಿದವನನ್ನು ಬೈದೆ, ಕಂಪ್ಯೂಟರ್ ಕಂಡುಹಿಡಿದವನನ್ನೂ ಬಿಡಲಿಲ್ಲ.

"ಏನಂತಿದೆ ಅದು?" ಎನ್ನುತ್ತಾ ಇವರು ಗೋಂದಿನ ಕೈ ಒರೆಸಿಕೊಂಡು ಹಿಂದೆ ಬಂದು ನಿಂತರು.

"ಶುರುವಿನಲ್ಲೇ ತಪ್ಪು ಅಂತಿದೆ. ನೀವು ನೋಡಿ ಏನು ಮಾಡ್ತೀರಿ, ಹೋಗ್ರಿ."

ಇವರು ಹೋಗಲಿಲ್ಲ. ಕನ್ನಡಕ ಏರಿಸಿಕೊಂಡು ಸ್ಕ್ರೀನಿಗೆ ಬಗ್ಗಿದರು. ಇಂಗ್ಲಿಷ್ ಆಜ್ಞೆಗಳಲ್ಲಿ ಇವರಿಗೆ ಅರ್ಥವಾಗುವುದು ಏನೂ ಇರಲಿಲ್ಲ. ಅಭ್ಯಾಸದಂತೆ ತೋರುಬೆರಳು ಸ್ಕ್ರೀನಿನ ಮೇಲ್ತುದಿಯನ್ನು ಮುಟ್ಟಿತು, ಆಮೇಲೆ ಎರಡು ಕಣ್ಣಿಗೂ ಒತ್ತಿಕೊಂಡಿತು. ಜಿಡ್ಡು ಒರೆಸಲೆಂದು ನಾನು ಸೆರಗು ಎತ್ತಿದೆ. ಎತ್ತಿದ ಕೈ ಹಾಗೇ ನಿಂತಿತು.

ಅಲ್ಲಿ ಶ್ರೀ ಇತ್ತು. ಫೈಲಿನ ನೆತ್ತಿಯ ಮೇಲೆ, ಟೆಂಪ್ಲೇಟಿನ ಹೆಸರಿಗೂ ಮುಂಚೆ, ದುಂಡಗೆ ಕೂತಿತ್ತು. ಅಷ್ಟು ಹೊತ್ತೂ ಅಲ್ಲೇ ಇತ್ತು. ನಾನು ಆ ಜಾಗವನ್ನು ಎಷ್ಟು ಸಲ ನೋಡಿದ್ದೆನೋ ಲೆಕ್ಕವಿಲ್ಲ. ನಮ್ಮ ಅಂಗಡಿಯ ಎಲ್ಲ ಫೈಲಿನಲ್ಲೂ ಅದು ಅಲ್ಲೇ ಇರುತ್ತದೆ, ಹಾಗಾಗಿ ಅದು ಇದೆ ಎಂದು ನನ್ನ ಕಣ್ಣಿಗೆ ಅನ್ನಿಸಿಯೇ ಇರಲಿಲ್ಲ.

"ರೀ, ಇದನ್ನ ಯಾವಾಗ ಹಾಕಿದ್ರಿ?"

"ನೀವು ಊಟಕ್ಕೆ ಹೋದಾಗ," ಎಂದರು. "ಹೊರಗಿಂದ ಬಂದ ಫೈಲು ಅಂತ ನೀನು ನನ್ನ ಕೈಲಿ ಹಾಕಿಸಿರಲೇ ಇಲ್ಲ. ಅದಕ್ಕೇ ಇಷ್ಟು ಒದ್ದಾಟ ಅಂತ ನಾನೇ ಹಾಕಿ ಸೇವ್ ಮಾಡಿದೆ. ಪಾಪ, ಮಗುಗೆ ಒಳ್ಳೇದಾಗ್ಲಿ ಅಂತ."

ಅಳಬೇಕೋ ನಗಬೇಕೋ ತಿಳಿಯಲಿಲ್ಲ. ಯಂತ್ರ ಬೆಳಗಿನಿಂದ ಮೊದಲು ಓದುತ್ತಿದ್ದದ್ದು ಟೆಂಪ್ಲೇಟಿನ ಹೆಸರು. ಈಗ ಅದಕ್ಕೂ ಮುಂಚೆ ಶೇಕಡಾ ಗುರುತಿಲ್ಲದ ಒಂದು ಅಕ್ಷರ ಬಾಗಿಲಿಗೆ ಅಡ್ಡ ನಿಂತಿದ್ದರಿಂದ ಅದು ಒಳಗೇ ಬಂದಿರಲಿಲ್ಲ. ನಾನು ಬೈಯಲು ಬಾಯಿ ತೆರೆದವಳು ಹುಡುಗಿಯ ಮುಖ ನೋಡಿ ನಿಲ್ಲಿಸಿದೆ. ಅವಳಿಗೆ ಆಶ್ಚರ್ಯವಾದ ಹಾಗೆ ಕಾಣಲಿಲ್ಲ.

"ಇದು ನಿನಗೆ ಕಂಡಿತ್ತಾ?"

ಅವಳು ತಲೆ ತಗ್ಗಿಸಿದಳು. "ಕಂಡಿತ್ತು ಅಕ್ಕಾ. ಊಟ ಮಾಡಿ ಬಂದ ಕೂಡಲೇ ಕಂಡಿತ್ತು."

"ಮತ್ತೆ ಹೇಳಬಾರದಿತ್ತಾ? ಓದು ಅಂದಾಗ ಬಿಟ್ಟು ಓದಿದೆಯಲ್ಲ."

"ಅದರಿಂದಾನಾ ಅಂತ ಡೌಟ್ ಇತ್ತು. ನೀವಾಗೇ ನೋಡಿ ತೆಗೀತೀರಿ ಅಂತ ಕಾದೆ. ನೀವು ನೋಡ್ಲೇ ಇಲ್ಲ." ನೆಲ ನೋಡುತ್ತಾ, "ಅಣ್ಣ ಮುಟ್ಟಿ ಕಣ್ಣಿಗೊತ್ತಿಕೊಳ್ಳೋ ಅಕ್ಷರ. ತೆಗೀರಿ ಅಂತ ನಾನು ಹೇಗೆ ಹೇಳೋದು?"

ತನ್ನ ಓದೆಲ್ಲ ಮುಳುಗುವುದನ್ನು ನೋಡುತ್ತಾ ಈ ಹುಡುಗಿ ಮರ್ಯಾದೆಗೆ ಬಾಯಿ ಕಟ್ಟಿಕೊಂಡು ಕೂತಿದ್ದಳು. ಹೀಗೂ ಇರುತ್ತಾರಾ ಜನ ಎಂದು ಸಿಟ್ಟೂ ಬಂತು, ಅಪ್ಪಿಕೊಳ್ಳೋಣ ಎಂದೂ ಅನ್ನಿಸಿತು. ಇವರಂತೂ ಪೂರ್ತಿ ಇಳಿದುಹೋಗಿದ್ದರು.

"ತೆಗಿ, ತೆಗಿ. ಪಳ್ಳಿ ನೋಟೀಸಿಗೆ ತೆಗೆಯಲ್ವಾ? ಅಪ್ಪ ಜೇಬಿಗೆ ಹಾಕ್ಕೊಳ್ತಿರಲಿಲ್ವಾ?" ಎಂದು ಅವಸರಿಸಿದರು.

ನಾನು ಅಳಿಸಲು ಕೈ ಮುಂದೆ ಮಾಡಿದೆ. ಹುಡುಗಿ ನನ್ನ ಮಣಿಕಟ್ಟು ಹಿಡಿದಳು. ಅಷ್ಟು ದಿನದಲ್ಲಿ ಅವಳು ನನ್ನನ್ನು ಮುಟ್ಟಿದ್ದು ಅದೇ ಮೊದಲು.

"ತೆಗೀಬೇಡಿ ಅಕ್ಕಾ. ಮುಂದೆ ಒಂದು ಶೇಕಡಾ ಗುರುತು ಹಾಕಿ, ಸಾಕು. ಯಂತ್ರ ಅದನ್ನ ಓದಲ್ಲ. ಅಚ್ಚಲ್ಲೂ ಬರಲ್ಲ. ಫೈಲಲ್ಲಿ ಇರುತ್ತೆ."

ಹಾಕಿದೆ. ಗುಂಡಿ ಒತ್ತಿದೆ. ಪುಟಗಳು ಬಂದವು, ಒಂದರ ಹಿಂದೆ ಒಂದು, ಅಜ್ಜಿಯ ಮಾತುಗಳೆಲ್ಲ ತಮ್ಮ ತಮ್ಮ ಅರ್ಥಗಳ ತಲೆಯ ಮೇಲೆ ನೆಟ್ಟಗೆ ಕೂತು. ಕಿತ್ತಿಟ್ಟಿದ್ದ ಪಟ್ಟಿಯನ್ನು ಮತ್ತೆ ಅದರ ಜಾಗಕ್ಕೆ ಸೇರಿಸಿ, ಹಿಂದುಮುಂದಾಗಿದ್ದ ಹೆಸರು ಇನ್ನೊಮ್ಮೆ ಸರಿ ಮಾಡಿ ಮತ್ತೆ ಒತ್ತಿದೆ, ಆಗಲೂ ಬಂದವು. ವೆಬ್‌ಸೈಟಿಗೆ ಏರಿಸುವಾಗ ನೆಟ್ಟು ಆಮೆಯ ಹಾಗೆ ತೆವಳಿತು. ಮೂವರೂ ಸ್ಕ್ರೀನಿನಲ್ಲಿ ಹಸಿರು ಗೆರೆ ತುಂಬುವುದನ್ನೇ ನೋಡುತ್ತಿದ್ದೆವು. ಐದಕ್ಕೆ ಇನ್ನೂ ಸ್ವಲ್ಪ ಹೊತ್ತಿರುವಾಗ, ಸ್ವೀಕರಿಸಲಾಗಿದೆ ಎಂದು ಬಂತು.

ಹೋದ ಜೀವ ಬಂದ ಹಾಗಾಯಿತು. ನಾನು ಕುರ್ಚಿಗೆ ಒರಗಿ ಕಣ್ಣು ಮುಚ್ಚಿದೆ. ಕಾಫಿ ಹೂವಿನ ವಾಸನೆ ಮೊದಲ ಸಲ ಚೆನ್ನಾಗಿದೆ ಅನ್ನಿಸಿತು. ಹುಡುಗಿ ಮುಖ ಮುಚ್ಚಿಕೊಂಡು ಸ್ವಲ್ಪ ಅತ್ತಳು, ಆಮೇಲೆ ಅವಳೇ ನಕ್ಕಳು. ಇವರು ಬೇಕರಿಗೆ ಓಡಿಹೋಗಿ ಬಿಸಿ ಪಳಂಪೊರಿ ತಂದರು, ಬಾಳೆಹಣ್ಣು ಹಿಟ್ಟಿನಲ್ಲಿ ಅದ್ದಿ ಕರಿದದ್ದು. ಅವಳ ಕೈಗೆ ಎರಡು ಹಾಕಿ, ಒಂದನ್ನು ಕಾಗದದಲ್ಲಿ ಸುತ್ತಿ, ಇದು ಅಜ್ಜಿಗೆ ಎಂದರು. ಆಮೇಲೆ ಬಸ್ಸಿನವರೆಗೂ ಹೋಗಿ ಕಿಟಕಿ ಪಕ್ಕ ಸೀಟು ಹಿಡಿದುಕೊಟ್ಟು ಬಂದರು. ಆ ದಿನ ನಾನು ಇವರಿಗೆ ಏನೂ ಅನ್ನಲಿಲ್ಲ, ಅದೇ ಒಂದು ವಿಶೇಷ.

ಸಮ್ಮೇಳನಕ್ಕೆ ನಾವು ಹೋಗಲಿಲ್ಲ, ಮದುವೆ ಕಾರ್ಡಿನ ಸೀಸನ್ನು. ಅದು ಚೆನ್ನಾಗಿ ಆಯಿತೆಂದು ಅವಳೇ ಫೋನು ಮಾಡಿ ಹೇಳಿದಳು. ಪುಸ್ತಕಕ್ಕೆ ಸೇರಿದ್ದಾಗಿ ಪತ್ರವೂ ಬಂತು. ಅದಾದ ಕೆಲವೇ ದಿನಕ್ಕೆ ಥೀಸಿಸ್ಸನ್ನೇ ಎತ್ತಿಕೊಂಡು ನಮ್ಮ ಅಂಗಡಿಗೆ ಬಂದಳು. ಬೇರೆ ಯಾರಿಗೂ ಕೊಡುವುದಿಲ್ಲ, ಅಕ್ಕನೇ ಮಾಡಬೇಕು ಎಂದಳು. ಈ ಸಲ ಟೆಂಪ್ಲೇಟ್ ನಾವಿಬ್ಬರೇ ಕೂತು ಮಾಡಿಕೊಂಡೆವು. ನನಗೀಗ ಅದರ ಭಯ ಹೋಗಿತ್ತು. ಹೊಸ ಫೈಲ್ ತೆರೆದ ಕೂಡಲೇ ಇವರು ಬಂದು, ನನ್ನನ್ನೊಮ್ಮೆ ನೋಡಿ, ಮೊದಲು ಶೇಕಡಾ ಗುರುತು ಹೊಡೆದು ಆಮೇಲೆ ಶ್ರೀ ಹೊಡೆದರು. ಆ ಗುರುತು ಕೀಬೋರ್ಡಿನಲ್ಲಿ ಎಲ್ಲಿದೆ ಎಂದು ಹುಡುಕಲು ಇವರಿಗೆ ಬೇಕಾದ ಹೊತ್ತಿನಲ್ಲಿ ನಾನು ಚಹಾ ಕುಡಿದು ಮುಗಿಸಿದ್ದೆ.

"ಅಕ್ಕಾ, ನಾನೂ ಒಂದು ಸಾಲು ಹಾಕ್ಲಾ?" ಎಂದಳು ಹುಡುಗಿ.

ಕೀಬೋರ್ಡನ್ನು ಅವಳ ಕಡೆ ತಳ್ಳಿದೆ. ಶ್ರೀಯ ಕೆಳಗೆ ಇನ್ನೊಂದು ಶೇಕಡಾ ಗುರುತು ಹಾಕಿ, ಚುಕ್ಕೆ ಅಕ್ಷರದಲ್ಲಿ ನಿಧಾನವಾಗಿ ಟೈಪ್ ಮಾಡಿದಳು. ನಾನು ಅಕ್ಷರ ಕೂಡಿಸಿಕೊಂಡು ಓದಿದೆ. ಅಜ್ಜಿಯ ಮಾತು, ನಾನು ಹೋಗ್ಲಿ ಬಿಡು ಎಂದು ಅಳಿಸಿದ್ದು. ಕೇಳೋರೆಲ್ಲ ಕೂತ್ಕೊಳ್ಳಿ.

ಆಗ ನನಗೆ ಆ ಶುಕ್ರವಾರ ಅರ್ಥವಾಯಿತು. ತೆಗೀರಿ ಎಂದು ಹೇಳಿಸಿಕೊಂಡವಳು ಅವಳು, ಅದು ಹೇಗಿರುತ್ತದೆ ಎಂದು ಗೊತ್ತಿದ್ದವಳು. ಅದಕ್ಕೇ ಇವರ ಶ್ರೀಯನ್ನು ತೆಗೀರಿ ಎನ್ನಲು ಅವಳಿಗೆ ಬಾಯಿ ಬಂದಿರಲಿಲ್ಲ.

"ಇಲ್ಲಿದ್ರೆ ಯಾರೂ ತೆಗೀರಿ ಅನ್ನಲ್ಲ ಅಲ್ವಾ ಅಕ್ಕಾ?" ಎಂದಳು.

"ಯಾರಂತಾರೆ, ನಾನೂ ನೋಡ್ತೀನಿ," ಎಂದೆ. ಸ್ವಲ್ಪ ಜೋರಾಗೇ ಅಂದೆ.

ಇವರು ಹಿಂದಿನಿಂದ ಬಗ್ಗಿ ನೋಡಿದರು. ಅದೇನು ಬರೆದಿದೆ ಎಂದು ಕೇಳಿದರು. ನಾನು ಓದಿ ಹೇಳಿದೆ. ಇವರು ತೋರುಬೆರಳಿನಿಂದ ಶ್ರೀಯನ್ನು ಮುಟ್ಟಿದರು, ಆಮೇಲೆ ಅದರ ಕೆಳಗಿನ ಸಾಲನ್ನೂ ಮುಟ್ಟಿದರು, ಬೆರಳನ್ನು ಕಣ್ಣಿಗೆ ಒತ್ತಿಕೊಂಡರು. ಆಮೇಲೆ ಒಂದು ಸ್ಟೂಲು ಎಳೆದುಕೊಂಡು ನಮ್ಮ ಪಕ್ಕ ಕೂತರು.